ಹದ ನೋಡುವವರ ಕೂಲಿ: ಕನ್ಸಲ್ಟೆಂಟ್ ಅಂದರೆ ಯಾರು, ಅವರಿಗೆ ದುಡ್ಡು ಯಾಕೆ?

ಪಾಂಡವಪುರದ ಕಡೆ ನಮ್ಮ ಸೋದರಮಾವನ ಆಲೆಮನೆ ಇದೆ. ಒಂದು ಗಾಣ, ಎರಡು ಕೊಪ್ಪರಿಗೆ, ಆರೇಳು ಆಳು. ಅಚ್ಚು ಬೆಲ್ಲ ಮಾಡಿ ಮಂಡ್ಯದ ಮಾರುಕಟ್ಟೆಗೆ ಹಾಕುವುದು ಅವರ ಇಪ್ಪತ್ತು ವರ್ಷದ ಕಸುಬು. ಈಚೆಗೆ ಅವರಿಗೆ ಪುಡಿ ಬೆಲ್ಲದ ಆಸೆ ಹತ್ತಿತು. ಮೈಸೂರಿನ ಅಂಗಡಿಯಲ್ಲಿ ಪ್ಯಾಕೆಟ್ಟಿನ ಪುಡಿ ಬೆಲ್ಲದ ರೇಟು ನೋಡಿ ಬಂದಿದ್ದರು. ಸಾಲ ಕೇಳಲು ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಹೇಳಿದ್ದು ಇಷ್ಟೇ: "ಡಿಪಿಆರ್ ಇದೆಯಾ? ಇಲ್ಲ ಅಂದ್ರೆ ಯಾರಾದ್ರೂ ಕನ್ಸಲ್ಟೆಂಟ್ ಹತ್ರ ಮಾಡಿಸ್ಕೊಂಡು ಬನ್ನಿ."

ಡಿಪಿಆರ್ ಅಂದರೆ ಏನು ಮಾಡುತ್ತೀರಿ, ಎಷ್ಟು ಖರ್ಚು, ಎಷ್ಟು ಆದಾಯ ಎಂದು ವಿವರವಾಗಿ ಬರೆದ ಯೋಜನಾ ವರದಿ. ಮಾವ ಬ್ಯಾಂಕಿನ ಮೆಟ್ಟಿಲ ಮೇಲೆ ನಿಂತೇ ನನಗೆ ಫೋನ್ ಮಾಡಿದರು. "ಅದೇನ್ಲಾ ಅದು ಕನ್ಸಲ್ಟೆಂಟು? ಬ್ರೋಕರ್‌ಗೇ ಈಗ ಹಂಗಂತಾರಾ?"

ಅದೇ ವಾರ ಕುವೆಂಪುನಗರದಲ್ಲಿ ನಮ್ಮ ಪಕ್ಕದ ಮನೆ ಹುಡುಗಿಗೆ ಮೊದಲ ಕೆಲಸದ ಪತ್ರ ಬಂತು. ಹುದ್ದೆಯ ಹೆಸರು 'ಕನ್ಸಲ್ಟೆಂಟ್'. ಅವರಮ್ಮ ಬೀದಿಗೆಲ್ಲ ಮೈಸೂರು ಪಾಕ್ ಹಂಚಿದರು. ಅವರಪ್ಪ ಕನ್ನಡಕ ಏರಿಸಿಕೊಂಡು ಪತ್ರವನ್ನು ಎರಡು ಸಲ ಓದಿ, "ಇದರಲ್ಲಿ ಪಿಎಫ್ ಮಾತೇ ಇಲ್ಲವಲ್ಲ" ಎಂದರು.

ಪದ ಒಂದೇ, ಗೊಂದಲ ಎರಡು. ಹತ್ತು ವರ್ಷದ ಹಿಂದೆ ದೊಡ್ಡ ಕಂಪನಿಗಳ ಬೋರ್ಡ್ ರೂಮಿನ ಮಾತಾಗಿದ್ದದ್ದು ಈಗ ಆಲೆಮನೆಗೂ ಬಂದಿದೆ, ಬೀದಿಯ ಕೊನೆ ಮನೆಗೂ ಬಂದಿದೆ. ಹಾಗಾಗಿ ಬುಡದಿಂದ ಶುರು ಮಾಡೋಣ.

ಬ್ರೋಕರ್ ಅಲ್ಲ, ಮೇಸ್ತ್ರಿಯೂ ಅಲ್ಲ

ಮೈಸೂರಿನ ಯಾವುದೇ ದೊಡ್ಡ ರಸ್ತೆಯಲ್ಲಿ ನಡೆದು ಹೋಗಿ. ಜಾಬ್ ಕನ್ಸಲ್ಟೆನ್ಸಿ, ವೀಸಾ ಕನ್ಸಲ್ಟೆಂಟ್, ವಾಸ್ತು ಕನ್ಸಲ್ಟೆಂಟ್, ಟ್ಯಾಕ್ಸ್ ಕನ್ಸಲ್ಟೆಂಟ್ ಎಂದು ಬೋರ್ಡುಗಳು ಸಿಗುತ್ತವೆ. ಎಲ್ಲಕ್ಕೂ ಹೆಸರು ಒಂದೇ ಆದರೂ ಎಲ್ಲರೂ ಮಾರುವ ಸರಕು ಒಂದೇ ಅಲ್ಲ.

ಮನೆ ಕಟ್ಟಿಸುವುದನ್ನು ನೆನೆಸಿಕೊಳ್ಳಿ. ಸೈಟ್ ಬ್ರೋಕರ್ ಮಾರುವವನನ್ನೂ ಕೊಳ್ಳುವವನನ್ನೂ ಸೇರಿಸುತ್ತಾನೆ, ಕಮಿಷನ್ ತಗೊಳ್ಳುತ್ತಾನೆ. ಮೇಸ್ತ್ರಿ ಗೋಡೆ ಎಬ್ಬಿಸುತ್ತಾನೆ, ಕೂಲಿ ತಗೊಳ್ಳುತ್ತಾನೆ. ಇವರಿಬ್ಬರ ನಡುವೆ ಇನ್ನೊಬ್ಬರು ಬರುತ್ತಾರೆ. ಮಣ್ಣು ನೋಡಿ, "ಇದು ಕಪ್ಪು ಮಣ್ಣು, ಪಾಯ ಇಷ್ಟು ಆಳ ಹೋಗಲಿ, ಇಲ್ಲಿ ಕಂಬ ಬರಲಿ" ಎಂದು ನಕ್ಷೆ ಬರೆದುಕೊಟ್ಟು ಹೋಗುವ ಎಂಜಿನಿಯರ್. ಅವರು ನಿಮಗೆ ಸೈಟೂ ಕೊಡಲಿಲ್ಲ, ಇಟ್ಟಿಗೆಯನ್ನೂ ಇಡಲಿಲ್ಲ. ಕೊಟ್ಟಿದ್ದು ಒಂದು ತೀರ್ಮಾನ. ಆ ತೀರ್ಮಾನ ತಪ್ಪಾದರೆ ಗೋಡೆ ಬಿರುಕು ಬಿಡುತ್ತದೆ. ಕನ್ಸಲ್ಟೆಂಟ್ ಅಂದರೆ ಈ ಮೂರನೆಯವರು.

ಕನ್ನಡದಲ್ಲಿ ಸಲಹೆಗಾರ ಅನ್ನಬಹುದು. ಆದರೆ ನಮ್ಮಲ್ಲಿ ಸಲಹೆ ಟೀ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತದೆ, ಕೇಳದೇ ಇದ್ದರೂ ಸಿಗುತ್ತದೆ! ಅದಕ್ಕೇ 'ವೃತ್ತಿಪರ' ಎಂಬ ಪದ ಮುಂದೆ ಬರುತ್ತದೆ. ಒಂದು ವಿಷಯವನ್ನು ಆಳವಾಗಿ ಕಲಿತಿರಬೇಕು, ಸಲಹೆಗೆ ಶುಲ್ಕ ಇರಬೇಕು, ಹೇಳಿದ ಮಾತಿಗೆ ಜವಾಬು ಹೇಳುವಂತಿರಬೇಕು. ಡಾಕ್ಟರ ಬಳಿ ನಾವು ಎಷ್ಟೋ ವರ್ಷದಿಂದ ಇದನ್ನೇ ಮಾಡುತ್ತಿದ್ದೇವೆ. ಮಾತ್ರೆಯ ದುಡ್ಡು ಮೆಡಿಕಲ್ ಸ್ಟೋರಿಗೆ, ಯಾವ ಮಾತ್ರೆ ಎಂದು ಹೇಳಿದ್ದಕ್ಕೆ ಡಾಕ್ಟರಿಗೆ ಕನ್ಸಲ್ಟೇಶನ್ ಫೀಸು.

ಇನ್ನೊಂದು ಉದಾಹರಣೆ ನಮ್ಮ ಕಡೆಯವರಿಗೆ ಹತ್ತಿರದ್ದು. ವಿಶ್ವೇಶ್ವರಯ್ಯನವರು ಅಂದರೆ ಮಂಡ್ಯದವರಿಗೆ ಕನ್ನಂಬಾಡಿ ಕಟ್ಟೆ. ಆದರೆ ಮೈಸೂರಿಗೆ ಬರುವ ಮುಂಚೆ ಅವರು ಮಾಡಿದ ಕೆಲಸವೊಂದು ಈ ಲೇಖನಕ್ಕೆ ಹೇಳಿ ಮಾಡಿಸಿದ ಹಾಗಿದೆ. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದ್ ಮುಳುಗಿತು. ಸಾವಿರಾರು ಜನ ಸತ್ತರು. ಮುಂಬೈ ಸರ್ಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ್ ಸರ್ಕಾರ ಕರೆಸಿಕೊಂಡಿತು. ಅವರಿಗೆ ಕೊಟ್ಟ ಹುದ್ದೆಯ ಹೆಸರೇ ಸ್ಪೆಷಲ್ ಕನ್ಸಲ್ಟಿಂಗ್ ಎಂಜಿನಿಯರ್. ಅವರು ಮಳೆಯ ಲೆಕ್ಕ, ಹೊಳೆಯ ಲೆಕ್ಕ ಎಲ್ಲ ತೆಗೆಸಿ, ಊರಿಗೆ ನೀರು ಬರುವ ಮೊದಲೇ ಮೇಲ್ಗಡೆ ತಡೆದು ನಿಲ್ಲಿಸಿ ಎಂದು ವರದಿ ಕೊಟ್ಟರು. ಅದರಂತೆ ಎರಡು ಜಲಾಶಯ ಕಟ್ಟಿದರು. ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು, ಹಿಮಾಯತ್ ಸಾಗರ 1927ರಲ್ಲಿ. ಅಷ್ಟು ಹೊತ್ತಿಗೆ ವಿಶ್ವೇಶ್ವರಯ್ಯನವರು 1909ರಲ್ಲೇ ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಬಂದು, 1912ರಿಂದ 1918ರವರೆಗೆ ದಿವಾನರೂ ಆಗಿ, ಆ ಹುದ್ದೆ ಬಿಟ್ಟೂ ಆಗಿತ್ತು. ಕಟ್ಟೆ ಕಟ್ಟಿದವರು ಬೇರೆಯವರು, ಎಲ್ಲಿ ಕಟ್ಟಬೇಕು ಎಂದು ಹೇಳಿದವರು ಇವರು.

ಇದೇ ಕೆಲಸ ಕಂಪನಿಗಳ ರೂಪ ಪಡೆದದ್ದು ಅಮೆರಿಕದಲ್ಲಿ. ಬಾಸ್ಟನ್‌ನಲ್ಲಿ 1886ರಲ್ಲಿ ಆರ್ಥರ್ ಲಿಟಲ್ ಎಂಬ ರಸಾಯನಶಾಸ್ತ್ರಜ್ಞ, ಶಿಕಾಗೋದಲ್ಲಿ 1926ರಲ್ಲಿ ಜೇಮ್ಸ್ ಮೆಕಿನ್ಸಿ ಎಂಬ ಅಕೌಂಟಿಂಗ್ ಮೇಷ್ಟ್ರು ಅಂಗಡಿ ತೆರೆದರು. ಆ ಕಥೆ ಇಲ್ಲಿಗೆ ಸಾಕು.

ಅರಿವೇ ಸರಕಾದಾಗ

'ಜ್ಞಾನಾಧಾರಿತ ಆರ್ಥಿಕತೆ' ಎಂಬ ಮಾತು ಪೇಪರಿನಲ್ಲಿ ಆಗಾಗ ಕಾಣುತ್ತದೆ. ಕೇಳಲು ಭಾರ, ಆದರೆ ಒಳಗಿರುವ ವಿಷಯ ಸರಳ.

ಒಂದು ಟನ್ ಕಬ್ಬು ಅರೆದರೆ ಹತ್ತಿರ ಹತ್ತಿರ ನೂರು ಕೆ.ಜಿ. ಬೆಲ್ಲ ಬರುತ್ತದೆ. ಮಾವನ ನೂರು ಕೆ.ಜಿ. ಅಚ್ಚು ಬೆಲ್ಲಕ್ಕೂ, ಅಂಗಡಿಯ ಕಪಾಟಿನಲ್ಲಿ ಕುಳಿತ ನೂರು ಕೆ.ಜಿ. ಪುಡಿ ಬೆಲ್ಲಕ್ಕೂ ಕಬ್ಬು ಅದೇ, ನೀರು ಅದೇ ಕಾವೇರಿಯದ್ದು. ಹಾಗಿದ್ದೂ ಬೆಲೆ ಬೇರೆ. ಪ್ಯಾಕೆಟ್ಟಿನ ಕಾಗದಕ್ಕೇನೂ ಅಷ್ಟು ದುಡ್ಡಿಲ್ಲ. ತೇವ ಎಷ್ಟಿದ್ದರೆ ಪುಡಿ ಗಂಟು ಕಟ್ಟಲ್ಲ, ಕೆಮಿಕಲ್ ಹಾಕದೆ ಬಣ್ಣ ಹೇಗೆ ಬರುತ್ತದೆ, ಲ್ಯಾಬ್‌ನಲ್ಲಿ ಏನು ಪರೀಕ್ಷೆ ಮಾಡಿಸಬೇಕು, ಲೇಬಲ್ ಮೇಲೆ ಏನು ಬರೆಯಬೇಕು, ಯಾವ ಊರಿನ ಯಾವ ಗಿರಾಕಿಗೆ ಇದು ಬೇಕು ಎಂಬುದನ್ನೆಲ್ಲ ಯಾರೋ ತಿಳಿದುಕೊಂಡಿದ್ದಾರೆ. ಜಾಸ್ತಿ ಬೆಲೆಯಲ್ಲಿ ದೊಡ್ಡ ಪಾಲು ಆ ತಿಳಿವಳಿಕೆಯದ್ದು. ಒಂದು ದೇಶದ ಸಂಪಾದನೆಯಲ್ಲಿ ಇಂಥ ಪಾಲು ಹೆಚ್ಚುತ್ತಾ ಹೋದರೆ ಅದನ್ನೇ ಜ್ಞಾನಾಧಾರಿತ ಆರ್ಥಿಕತೆ ಅನ್ನುತ್ತಾರೆ. ತಲೆಯಲ್ಲಿರುವುದನ್ನೇ ಬಂಡವಾಳ ಮಾಡಿಕೊಂಡು ದುಡಿಯುವವರಿಗೆ ಪೀಟರ್ ಡ್ರಕರ್ ಎಂಬ ಚಿಂತಕರು 1959ರಲ್ಲೇ 'ಜ್ಞಾನ ಕೆಲಸಗಾರ' ಎಂಬ ಅರ್ಥದ ಹೆಸರಿಟ್ಟರು. ಭಾರತದ ಒಟ್ಟು ಉತ್ಪನ್ನದಲ್ಲಿ ಇವತ್ತು ಅರ್ಧಕ್ಕಿಂತ ಜಾಸ್ತಿ ಬರುವುದು ಸೇವಾ ವಲಯದಿಂದ.

ಮೈಸೂರಿಗೆ ಇದು ಹೊಸದೇನಲ್ಲ. ಚೆಲುವಾಂಬ ಬಂಗಲೆಯಲ್ಲಿ ಕೇಂದ್ರ ಸರ್ಕಾರದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಶುರುವಾದದ್ದು 1950ರಲ್ಲಿ. ಎಮ್ಮೆ ಹಾಲಿನಿಂದ ಮಕ್ಕಳ ಹಾಲಿನ ಪುಡಿ ಮಾಡಲಾಗದು ಎಂದು ಜಗತ್ತು ನಂಬಿದ್ದಾಗ ಅದನ್ನು ಮಾಡುವ ವಿಧಾನ ಕಂಡುಹಿಡಿದದ್ದು ಅಲ್ಲಿಯ ವಿಜ್ಞಾನಿಗಳು. ಅರಿವು ಮೈಸೂರಿನದು, ಪುಡಿ ತಯಾರಾದದ್ದು ಗುಜರಾತಿನ ಅಮುಲ್ ಡೇರಿಯಲ್ಲಿ. ಇನ್ನೊಂದು ಇದಕ್ಕೆ ತಿರುಗುಮುರುಗು. ವೋಟು ಹಾಕಿದಾಗ ಬೆರಳಿಗೆ ಹಚ್ಚುವ ಶಾಯಿ 1962ರಿಂದಲೂ ಮೈಸೂರಿನ ಪೇಂಟ್ಸ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ, ಆದರೆ ಅದರ ಸೂತ್ರ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಬೆಲ್ಲ ಮಾರಿದರೆ ಗೋಡೌನ್ ಖಾಲಿ. ಅರಿವು ಹಾಗಲ್ಲ. ಒಬ್ಬರಿಗೆ ಮಾರಿದ ಮೇಲೂ ಮಾರಿದವರ ಬಳಿಯೇ ಉಳಿದಿರುತ್ತದೆ, ನಾಳೆ ಇನ್ನೊಬ್ಬರಿಗೂ ಮಾರಬಹುದು.

ಇಲ್ಲೇ ಕನ್ಸಲ್ಟೆಂಟ್ ಬರುವುದು. ಭತ್ತ ಕೊಯ್ಯುವ ಯಂತ್ರವನ್ನು ಮಂಡ್ಯದ ಎಷ್ಟು ರೈತರು ಕೊಂಡಿದ್ದಾರೆ? ಬಹಳ ಕಡಿಮೆ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕರೆಸುತ್ತಾರೆ. ವರ್ಷಕ್ಕೆ ನಾಲ್ಕು ಗಂಟೆಯ ಕೆಲಸಕ್ಕೆ ಲಕ್ಷಗಟ್ಟಲೆ ಹಾಕಿ ಯಂತ್ರ ಯಾಕೆ, ಅಲ್ವಾ? ಆಹಾರ ತಂತ್ರಜ್ಞರನ್ನು ಸಂಬಳಕ್ಕಿಟ್ಟುಕೊಳ್ಳುವ ಶಕ್ತಿ ಮಾವನಿಗಿಲ್ಲ, ಅಗತ್ಯವೂ ಇಲ್ಲ. ಅವರಿಗೆ ಬೇಕಿರುವುದು ವರ್ಷಕ್ಕೆ ನಾಲ್ಕೈದು ದಿನದ ತಿಳಿವಳಿಕೆ. ಆ ತಂತ್ರಜ್ಞರಿಗೂ ಇದು ಅನುಕೂಲ. ನಲವತ್ತು ಕಡೆ ನಾಲ್ಕು ನಾಲ್ಕು ದಿನ ಹೋದರೆ ಅವರ ವರ್ಷ ತುಂಬುತ್ತದೆ. ಅದಕ್ಕಿಂತ ಮುಖ್ಯ, ನಲವತ್ತು ಕಡೆಯ ತಪ್ಪುಗಳನ್ನು ಅವರು ಕಣ್ಣಾರೆ ನೋಡಿರುತ್ತಾರೆ. ಒಂದೇ ಆಲೆಮನೆಯಲ್ಲಿ ಜೀವ ತೇದವರಿಗೆ ಅದು ಸಿಗಲ್ಲ.

ಹದ ಎಂಬ ವಿದ್ಯೆ

ಅರಿವಿನಲ್ಲಿ ಎರಡು ಬಗೆ. ಬರೆದಿಡಬಹುದಾದದ್ದು ಒಂದು, ಕೈಯಲ್ಲೇ ಇರುವಂಥದ್ದು ಇನ್ನೊಂದು. ಆಲೆಮನೆಯ ಒಲೆ ಮುಂದೆ ಹತ್ತು ನಿಮಿಷ ನಿಂತರೆ ಇವೆರಡರ ವ್ಯತ್ಯಾಸ ಕಾಣುತ್ತದೆ.

ಮಾವನ ಬಳಿ ಪಾಕ ನೋಡುವ ಒಬ್ಬ ಹಿರಿಯ ಇದ್ದಾನೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿದು, ನೊರೆ ಕೆಂಪಾಗಿ, ಗುಳ್ಳೆ ದಪ್ಪವಾಗಿ ಒಡೆಯಲು ಶುರುವಾದಾಗ ಅವನು ಸೌಟಿನಿಂದ ಚೂರು ಪಾಕ ತೆಗೆದು ತಣ್ಣೀರಿನ ಬೋಸಿಗೆ ಬಿಡುತ್ತಾನೆ. ಬೆರಳಿನಲ್ಲಿ ಕೂಡಿಸಿ ಉಂಡೆ ಮಾಡುತ್ತಾನೆ. ಉಂಡೆಯನ್ನು ಬೋಸಿಯ ಅಂಚಿಗೆ ತಟ್ಟುತ್ತಾನೆ. ಟಣ್ ಅಂದರೆ ಹದ ಬಂತು, ಪಚಕ್ ಅಂದರೆ ಇನ್ನೂ ಇಲ್ಲ. ಎರಡು ನಿಮಿಷ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ, ಕಮ್ಮಿಯಾದರೆ ಅಚ್ಚಿನಲ್ಲಿ ನಿಲ್ಲಲ್ಲ. "ಅದು ಹೆಂಗೆ ಗೊತ್ತಾಗುತ್ತೆ?" ಎಂದು ನಾನೊಮ್ಮೆ ಕೇಳಿದ್ದೆ. "ಕೈಗೆ ಗೊತ್ತಾಯ್ತದೆ ಸ್ವಾಮಿ, ಬಾಯಲ್ಲಿ ಏನು ಹೇಳಾನ" ಎಂದ.

ಬರೆದಿಡಬಹುದಾದ ಅರಿವು ಅಂದರೆ ಇದನ್ನೇ ಥರ್ಮಾಮೀಟರ್ ಹೇಳುವ ರೀತಿ. ನೀರಾಗಿರುವ ಜೋನಿ ಬೆಲ್ಲಕ್ಕೆ ಪಾಕ 105 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಳಿಸಬೇಕು, ಅಚ್ಚು ಬೆಲ್ಲಕ್ಕೆ 118ರ ಆಸುಪಾಸು. ಇದು ಪುಸ್ತಕದಲ್ಲೂ ಇದೆ, ಫೋನಿನಲ್ಲೂ ಸಿಗುತ್ತದೆ, ಪುಕ್ಕಟೆ.

ಹಾಗಾದರೆ ಕನ್ಸಲ್ಟೆಂಟ್ ಮಾರುವುದು ಇವೆರಡರಲ್ಲಿ ಯಾವುದನ್ನು? ಹೆಚ್ಚಿನವರು 118 ಡಿಗ್ರಿಯಂಥ ಮಾಹಿತಿ ಮಾರುತ್ತಾರೆ ಎಂದುಕೊಳ್ಳುತ್ತಾರೆ. ನನಗೆ ಕಂಡ ಮಟ್ಟಿಗೆ ಒಳ್ಳೆಯ ಕನ್ಸಲ್ಟೆಂಟ್ ಮಾರುವುದು ಹದವನ್ನು. ನಿಮ್ಮ ಪರಿಸ್ಥಿತಿಯನ್ನು ತಣ್ಣೀರಿಗೆ ಬಿಟ್ಟು, ಉಂಡೆ ಮಾಡಿ, ತಟ್ಟಿ ನೋಡುವ ವಿದ್ಯೆ.

ಮಾವ ಕೊನೆಗೆ ಕರೆಸಿದ್ದು ಮೈಸೂರಿನ ಒಬ್ಬ ಮೇಡಂ ಅವರನ್ನು. ಆಹಾರ ತಂತ್ರಜ್ಞಾನ ಓದಿ, ಕೆಲವು ಕಾರ್ಖಾನೆಗಳಲ್ಲಿ ದುಡಿದು, ಈಗ ಸ್ವಂತವಾಗಿ ಸಲಹೆ ಕೊಡುತ್ತಾರೆ. ಅವರು ಬಂದ ದಿನ ನಾನೂ ಹೋಗಿದ್ದೆ. ಮಾವ ಪುಡಿ ಮಾಡುವ ಮೆಷಿನ್ನಿನ ಕ್ಯಾಟಲಾಗ್ ಹಿಡಿದುಕೊಂಡು ಕಾಯುತ್ತಿದ್ದರು. ಮೇಡಂ ಅದನ್ನು ಮುಟ್ಟಲೂ ಇಲ್ಲ. ಸೀದಾ ಬೆಲ್ಲ ಪೇರಿಸಿಟ್ಟ ಕೋಣೆಗೆ ಹೋದರು. ಗೋಡೆಗೆ ಕೈ ಇಟ್ಟು ನೋಡಿದರು, ತೇವ ಇತ್ತು. ಕೆಳಗಿನ ಸಾಲಿನ ಅಚ್ಚೊಂದನ್ನು ತೆಗೆಸಿ ಮುರಿದರು, ಒಳಗೆ ಅಂಟು. ಆಮೇಲೆ ಕೇಳಿದ್ದು ಮೂರು ಪ್ರಶ್ನೆ. ಮಳೆಗಾಲದಲ್ಲಿ ಎಷ್ಟು ಮಾಲು ಹಾಳಾಗುತ್ತೆ? ಪುಡಿ ಬೆಲ್ಲ ಕೊಳ್ಳುತ್ತೇನೆ ಎಂದು ಯಾರಾದರೂ ಬಾಯಿಬಿಟ್ಟು ಹೇಳಿದ್ದಾರಾ? ಪಾಕ ನೋಡುವವನಿಗೆ ಜ್ವರ ಬಂದರೆ ಆವತ್ತು ಏನು ಮಾಡ್ತೀರಿ?

ಮೂರಕ್ಕೂ ಮಾವನ ಬಳಿ ಸರಿಯಾದ ಉತ್ತರ ಇರಲಿಲ್ಲ.

ಆಮೇಲೆ ಬಂದ ವರದಿ ಹನ್ನೊಂದು ಪುಟ. ಅದರಲ್ಲಿ ಮೆಷಿನ್ ಬಂದದ್ದು ಒಂಬತ್ತನೇ ಪುಟದಲ್ಲಿ. ಅದಕ್ಕೂ ಮುಂಚೆ ಇದ್ದದ್ದು: ಕೋಣೆಯ ನೆಲ ಎತ್ತರಿಸಿ, ಗಾಳಿಯಾಡುವಂತೆ ಮಾಡಿ. ಒಂದು ಥರ್ಮಾಮೀಟರ್ ತನ್ನಿ, ದಿನಾ ಬರೆದಿಡಿ. ಬಣ್ಣಕ್ಕೆ ಹಾಕುವ ಹೈಡ್ರೋಸ್ ಎಂಬ ಕೆಮಿಕಲ್ ನಿಲ್ಲಿಸಿ, ಹಾಲು ತಿಳಿಯಾಗಿಸಲು ಬೆಂಡೆ ಗಿಡದ ಲೋಳೆ ಬಳಸಿ. ಪುಡಿ ಒಣಗಿಸುವ ವ್ಯವಸ್ಥೆ ಇಲ್ಲದೆ ಪುಡಿ ಮಾಡುವ ಮೆಷಿನ್ ಕೊಂಡರೆ ಮೂಟೆಯೊಳಗೇ ಗಂಟು ಕಟ್ಟುತ್ತದೆ. ಮೊದಲು ಒಂದು ಕ್ವಿಂಟಲ್ ಮಾಡಿ ಇಬ್ಬರು ಅಂಗಡಿಯವರಿಗೆ ಕೊಟ್ಟು ನೋಡಿ.

ಇದರಲ್ಲಿ ಗುಟ್ಟಿನ ವಿಷಯ ಒಂದೂ ಇಲ್ಲ. ಬೆಂಡೆ ಲೋಳೆ ನಮ್ಮಜ್ಜಂದಿರಿಗೂ ಗೊತ್ತಿತ್ತು. ಆದರೆ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಸದ್ಯಕ್ಕೆ ಬೇಡ ಎಂಬುದು ಯಾವ ಪುಸ್ತಕದಲ್ಲೂ ಮಾವನ ಹೆಸರಿಗೆ ಬರೆದಿರಲಿಲ್ಲ.

ಫೀಸಿನ ಲೆಕ್ಕ

ಅರಿವನ್ನು ಮಾರುವುದರಲ್ಲಿ ಒಂದು ವಿಚಿತ್ರ ತೊಡಕಿದೆ. ಸಂತೆಯಲ್ಲಿ ಬೆಲ್ಲ ಕೊಳ್ಳುವಾಗ ಚೂರು ಮುರಿದು ಬಾಯಿಗೆ ಹಾಕಿ ನೋಡಬಹುದು. ಸಲಹೆಯನ್ನು ಹಾಗೆ ರುಚಿ ನೋಡಲಾಗದು. ಅದು ಏನೆಂದು ತಿಳಿಯುವವರೆಗೂ ಎಷ್ಟು ಬೆಲೆ ಬಾಳುತ್ತೆ ಎಂದು ಗೊತ್ತಾಗಲ್ಲ. ತಿಳಿದ ಮೇಲೆ ದುಡ್ಡು ಯಾಕೆ ಕೊಡಬೇಕು? ಅಷ್ಟು ಹೊತ್ತಿಗೆ ಅದು ನಿಮ್ಮ ತಲೆಯಲ್ಲಿರುತ್ತೆ! ಕೆನೆತ್ ಆರೋ ಎಂಬ ಅರ್ಥಶಾಸ್ತ್ರಜ್ಞರು 1962ರಲ್ಲಿ ಈ ತೊಡಕನ್ನು ಎತ್ತಿ ತೋರಿಸಿದರು. ಮುಂದೆ 1972ರಲ್ಲಿ ಅವರಿಗೆ ಬೇರೆ ಕೆಲಸಕ್ಕಾಗಿ ನೊಬೆಲ್ ಬಂತು. ಕನ್ಸಲ್ಟೆಂಟ್‌ಗಳು ಮೊದಲ ಅರ್ಧ ಗಂಟೆ ಪುಕ್ಕಟೆ ಮಾತಾಡಿ, ಆಮೇಲೆ ಅಡ್ವಾನ್ಸ್ ಕೇಳುವುದರ ಹಿಂದೆ ಇರುವುದು ಇದೇ. ಹಳೇ ಗಿರಾಕಿಗಳ ಹೆಸರು ಹೇಳುವುದೂ ಇದಕ್ಕೇ.

ಫೀಸು ಹಲವು ತರ. ಇಡೀ ಕೆಲಸಕ್ಕೆ ಇಷ್ಟು ಎಂದು ಗುತ್ತಿಗೆ ಮಾಡಿಕೊಳ್ಳುವುದು ಒಂದು. ದಿನ ಅಥವಾ ಗಂಟೆ ಲೆಕ್ಕ ಇನ್ನೊಂದು. ತಿಂಗಳಿಗೆ ಇಷ್ಟು ಕೊಟ್ಟು, ಬೇಕಾದಾಗ ಕೇಳುವುದು ಮತ್ತೊಂದು. ಅಂಗಡಿಯವರು ಲೆಕ್ಕಪತ್ರ ನೋಡುವವರಿಗೆ ಕೊಡುವುದು ಹೆಚ್ಚಾಗಿ ಹೀಗೇ. ನಾಲ್ಕನೆಯದರ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು: ಸಾಲ ಮಂಜೂರಾದರೆ ಅದರಲ್ಲಿ ಇಷ್ಟು ಪರ್ಸೆಂಟ್.

ಕೇಳಲು ನ್ಯಾಯವಾಗೇ ಇದೆ. ಕೆಲಸ ಆದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಆದರೆ ಲೆಕ್ಕ ಹಾಕಿ ನೋಡಿ. ಎರಡು ಪರ್ಸೆಂಟ್ ಅಂದರೆ 18 ಲಕ್ಷ ಸಾಲಕ್ಕೆ 36,000 ರೂಪಾಯಿ, 30 ಲಕ್ಷ ಸಾಲಕ್ಕೆ 60,000. ನಿಮಗೆ 18 ಲಕ್ಷ ಸಾಕಿದ್ದರೂ, 30 ಲಕ್ಷಕ್ಕೆ ಡಿಪಿಆರ್ ಬರೆಯುವುದರಲ್ಲಿ ಅವರಿಗೆ ಲಾಭ. ಸಾಲ ತೀರಿಸುವವರು ನೀವು. ನಮ್ಮಲ್ಲಿ ವಕೀಲರು ಗೆದ್ದ ಹಣದಲ್ಲಿ ಪಾಲು ಕೇಳುವಂತಿಲ್ಲ, ಚಾರ್ಟರ್ಡ್ ಅಕೌಂಟೆಂಟ್‌ಗಳಿಗೂ ಕೆಲವು ವಿನಾಯಿತಿ ಬಿಟ್ಟರೆ ಪರ್ಸೆಂಟ್ ಲೆಕ್ಕದ ಫೀಸು ನಿಷಿದ್ಧ. ಕಾರಣ ಇದೇ. ಸಲಹೆ ಕೊಡುವವರ ಲಾಭ ಒಂದು ಕಡೆ ವಾಲಿದರೆ ಸಲಹೆಯೂ ಆ ಕಡೆ ವಾಲುತ್ತದೆ.

ಮೆಷಿನ್ ಕಂಪನಿಯವರು ಕಳಿಸುವ 'ಪುಕ್ಕಟೆ ಕನ್ಸಲ್ಟೆಂಟ್' ಕೂಡ ಹೀಗೇ. ಫೀಸು ಮೆಷಿನ್ನಿನ ಬೆಲೆಯೊಳಗೇ ಸೇರಿರುತ್ತದೆ.

ಸರ್ಕಾರವೇ ಫೀಸು ಕೊಡುವ ವ್ಯವಸ್ಥೆಯೂ ಇದೆ ಎಂದು ಬಹಳ ಜನಕ್ಕೆ ಗೊತ್ತಿಲ್ಲ. ಸಣ್ಣ ಆಹಾರ ಘಟಕಗಳಿಗಾಗಿ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಮಂಡ್ಯ ಜಿಲ್ಲೆಗೆ ಆರಿಸಿದ ಉತ್ಪನ್ನ ಬೆಲ್ಲ. ಕೇಂದ್ರದ ಸಹಾಯಧನ 35 ಪರ್ಸೆಂಟ್, ಗರಿಷ್ಠ 10 ಲಕ್ಷ. ಕರ್ನಾಟಕ ಅದರ ಮೇಲೆ ಇನ್ನೂ 15 ಪರ್ಸೆಂಟ್ ಸೇರಿಸಿತು. ಈ ಯೋಜನೆಯಲ್ಲಿ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಎಂಬವರಿರುತ್ತಾರೆ. ಡಿಪಿಆರ್ ಬರೆಯುವುದು, ಬ್ಯಾಂಕಿಗೆ ಓಡಾಡುವುದು, ಲೈಸೆನ್ಸ್ ಮಾಡಿಸುವುದು ಅವರ ಕೆಲಸ. ಒಂದು ಸಾಲ ಮಂಜೂರಾದರೆ ಅವರಿಗೆ ಯೋಜನೆಯಿಂದಲೇ 20,000 ರೂಪಾಯಿ ಸಿಗುವ ಏರ್ಪಾಡು, ಅದೂ ಅರ್ಧ ಮಂಜೂರಾತಿಗೆ, ಇನ್ನರ್ಧ ಮುಂದಿನ ನೋಂದಣಿ, ತರಬೇತಿಯ ಕೆಲಸ ಮುಗಿದ ಮೇಲೆ. ಸಾಲದ ಗಾತ್ರಕ್ಕೂ ಅವರ ಫೀಸಿಗೂ ಸಂಬಂಧ ಇಲ್ಲ, ಗಮನಿಸಿ. ಯೋಜನೆಗಳ ಅವಧಿ, ನಿಯಮ ಬದಲಾಗುತ್ತಿರುತ್ತವೆ. ಆದ್ದರಿಂದ ಯಾರಿಗಾದರೂ ದುಡ್ಡು ಕೊಡುವ ಮೊದಲು ಕೃಷಿ ಇಲಾಖೆ ಕಚೇರಿಯಲ್ಲಿ ಒಮ್ಮೆ ವಿಚಾರಿಸಿ. ಮಂಡ್ಯದವರಿಗೆ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರ ಇದೆ, ಮೈಸೂರಿನವರಿಗೆ ಸಿಎಫ್‌ಟಿಆರ್‌ಐ ತರಬೇತಿಗಳಿವೆ. ಎಲ್ಲದಕ್ಕೂ ಖಾಸಗಿ ಕನ್ಸಲ್ಟೆಂಟ್ ಬೇಕಿಲ್ಲ.

ಯಾರನ್ನು ನಂಬುವುದು

ಮೇಡಂ ಸಿಗುವ ಮೊದಲು ಮಾವ ಒಂದು ಪೆಟ್ಟು ತಿಂದಿದ್ದರು. ಯಾರೋ ಒಬ್ಬರು 10,000 ರೂಪಾಯಿ ತಗೊಂಡು ಎರಡೇ ದಿನದಲ್ಲಿ ಅರವತ್ತು ಪುಟದ ಡಿಪಿಆರ್ ಕೊಟ್ಟರು. ಬಣ್ಣಬಣ್ಣದ ಚಾರ್ಟು, ಸ್ಪೈರಲ್ ಬೈಂಡಿಂಗ್. ಇಪ್ಪತ್ತೆರಡನೇ ಪುಟದಲ್ಲಿ "ಈ ಭಾಗದಲ್ಲಿ ತೆಂಗಿನ ನಾರು ಹೇರಳವಾಗಿ ಸಿಗುವುದರಿಂದ" ಎಂದಿತ್ತು. ಬೇರೆ ಯಾರಿಗೋ ಬರೆದ ನಾರಿನ ಘಟಕದ ವರದಿಯಲ್ಲಿ ಹೆಸರು ಬದಲಾಯಿಸಿ ಕೊಟ್ಟಿದ್ದರು. ಬ್ಯಾಂಕಿನವರು ಅದನ್ನು ಓದಿ ನಕ್ಕರಂತೆ. ಮಾವ ನಗಲಿಲ್ಲ.

ಹೀಗಾಗಲು ಒಂದು ಕಾರಣ ಕಾನೂನಿನಲ್ಲಿದೆ. ಕೆಲವು ವೃತ್ತಿಗಳಿಗೆ ಬೇಲಿ ಇದೆ. ಚಾರ್ಟರ್ಡ್ ಅಕೌಂಟೆಂಟ್‌ಗಳಿಗೆ 1949ರ ಕಾಯ್ದೆ, ವಕೀಲರಿಗೆ 1961ರದ್ದು, ಆರ್ಕಿಟೆಕ್ಟ್‌ಗಳಿಗೆ 1972ರದ್ದು. ನೋಂದಣಿ ಇಲ್ಲದೆ ಆ ಹೆಸರು ಹಾಕಿಕೊಳ್ಳುವಂತಿಲ್ಲ, ತಪ್ಪು ಮಾಡಿದರೆ ದೂರು ಕೊಡಲು ಒಂದು ಜಾಗ ಇದೆ. ಹಣ ಹೂಡಿಕೆ ಬಗ್ಗೆ ಫೀಸು ತಗೊಂಡು ಸಲಹೆ ಕೊಡುವವರಿಗೆ ಷೇರುಪೇಟೆಯ ನಿಯಂತ್ರಣ ಸಂಸ್ಥೆ ಸೆಬಿಯ ನೋಂದಣಿ ಬೇಕು. ಜನರನ್ನು ವಿದೇಶದ ಕೆಲಸಕ್ಕೆ ಕಳಿಸುವ ಏಜೆಂಟರಿಗೆ 1983ರ ವಲಸೆ ಕಾಯ್ದೆಯಡಿ ಕೇಂದ್ರ ಸರ್ಕಾರದ ನೋಂದಣಿ ಬೇಕು. ಆದರೆ ಸುಮ್ನೆ 'ಬಿಸಿನೆಸ್ ಕನ್ಸಲ್ಟೆಂಟ್' ಎಂದು ಬೋರ್ಡ್ ಹಾಕಲು ಇಂಥ ಯಾವ ವೃತ್ತಿ ನೋಂದಣಿಯೂ ಬೇಕಿಲ್ಲ. ನಾಳೆ ಬೆಳಿಗ್ಗೆ ನಾನೂ ಹಾಕಬಹುದು.

ಹಾಗಾಗಿ ಪರೀಕ್ಷೆ ಮಾಡುವ ಕೆಲಸ ಗಿರಾಕಿಯ ಮೇಲೇ ಬೀಳುತ್ತದೆ. ಇಂಥದೇ ಕೆಲಸ ಮಾಡಿಸಿಕೊಂಡ ಇಬ್ಬರ ನಂಬರ್ ಕೇಳಿ, ಫೋನ್ ಮಾಡಿ. ಮೊದಲ ಭೇಟಿಯಲ್ಲಿ ಅವರು ಹೇಳುವುದು ಜಾಸ್ತಿಯೋ ಕೇಳುವುದು ಜಾಸ್ತಿಯೋ ನೋಡಿ. ಜಾಗ ನೋಡದೆ ವರದಿ ಕೊಡುತ್ತೇನೆ ಅಂದರೆ ಅಲ್ಲಿಗೇ ಬಿಡಿ. ಏನೇನು ಕೊಡುತ್ತಾರೆ, ಯಾವ ದಿನದೊಳಗೆ, ಎಷ್ಟು ಸಲ ಬರುತ್ತಾರೆ ಎಂಬುದು ಒಂದೇ ಪುಟವಾದರೂ ಸರಿ, ಬರಹದಲ್ಲಿರಲಿ. ಆ ಪುಟದಲ್ಲಿ ಇನ್ನೊಂದು ಸಾಲು ಸೇರಿಸಿ: ವರದಿ ಯಾರದ್ದು? 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು ಸಾಮಾನ್ಯವಾಗಿ ಮಾಲೀಕನದ್ದು. ಹೊರಗಿನವರು ಬರೆದದ್ದು ಬರೆದವರದ್ದೇ, ಬೇರೆ ಒಪ್ಪಂದ ಇಲ್ಲದಿದ್ದರೆ. ದುಡ್ಡು ಕೊಟ್ಟ ಮಾತ್ರಕ್ಕೆ ಅದು ನಿಮ್ಮದಾಗಲ್ಲ.

ಫೋನಿನಲ್ಲೇ ಎಲ್ಲ ಸಿಗುವಾಗ

ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್ ಕೊನೆಯಲ್ಲಿ. ಅಲ್ಲಿಂದೀಚೆಗೆ ಎಲ್ಲರೂ ಕೇಳುವ ಪ್ರಶ್ನೆ, ಇನ್ನು ಕನ್ಸಲ್ಟೆಂಟ್ ಯಾಕೆ? ಪ್ರಶ್ನೆ ಸರಿಯಾದದ್ದೇ. ತೆಂಗಿನ ನಾರಿನ ಡಿಪಿಆರ್ ಬರೆದವರ ಕೆಲಸವನ್ನು ಫೋನು ಎರಡು ನಿಮಿಷದಲ್ಲಿ, ಅದಕ್ಕಿಂತ ಚೆನ್ನಾಗಿ ಮಾಡಿಕೊಡುತ್ತದೆ. ನಿಯಮ ಹುಡುಕುವುದು, ಅರ್ಜಿ ತುಂಬುವುದು, ಲೆಕ್ಕದ ಪಟ್ಟಿ ಮಾಡುವುದು ಇವಕ್ಕೆಲ್ಲ ಬೆಲೆ ಇಳಿಯುತ್ತಿದೆ. ಆದರೆ ಗೋಡೆಗೆ ಕೈ ಇಟ್ಟು ತೇವ ಇದೆ ಎಂದು ಅದು ಹೇಳಲ್ಲ. ಅದು ಹೇಳಿದ್ದಕ್ಕೆ ಸಹಿ ಹಾಕುವವರೂ ಇಲ್ಲ. 2025ರಲ್ಲಿ ಆಸ್ಟ್ರೇಲಿಯಾ ಸರ್ಕಾರಕ್ಕೆ ದೊಡ್ಡ ಕನ್ಸಲ್ಟಿಂಗ್ ಕಂಪನಿಯೊಂದು ಎಐ ಬಳಸಿ ಬರೆದುಕೊಟ್ಟ ವರದಿಯಲ್ಲಿ ಇಲ್ಲದ ಆಧಾರಗಳನ್ನು ಉಲ್ಲೇಖಿಸಿದ್ದು ಬಯಲಾಯಿತು. ಕಂಪನಿ ಫೀಸಿನ ಒಂದು ಭಾಗ ವಾಪಸ್ ಕೊಡಬೇಕಾಯಿತು. ನಾರಿನ ಕಥೆ ಅಲ್ಲೂ ನಡೆಯುತ್ತದೆ, ಮೊತ್ತ ಮಾತ್ರ ಬೇರೆ.

ಕೆಲಸದ ಪತ್ರದಲ್ಲಿನ ಕನ್ಸಲ್ಟೆಂಟ್

ಇನ್ನು ಪಕ್ಕದ ಮನೆ ಹುಡುಗಿಯ ವಿಷಯ. ಅವಳ ಪತ್ರದಲ್ಲಿ 'ಕನ್ಸಲ್ಟೆಂಟ್' ಎಂಬುದಕ್ಕೆ ಎರಡು ಅರ್ಥ ಸಾಧ್ಯ. ಕೆಲವು ಐಟಿ ಕಂಪನಿಗಳಲ್ಲಿ ಅದು ಬರೀ ಹುದ್ದೆಯ ಹೆಸರು. ಸಂಬಳ, ಪಿಎಫ್, ರಜೆ ಎಲ್ಲ ಮಾಮೂಲು. ಇನ್ನು ಕೆಲವು ಕಡೆ ಅವಳು ನೌಕರಳೇ ಅಲ್ಲ, ಹೊರಗಿನಿಂದ ಸೇವೆ ಕೊಡುವವಳು. ಕಂಪನಿಯ ಲೆಕ್ಕದಲ್ಲಿ ಅವಳೂ ಮಾವನ ಮೇಡಂ ಥರ.

ಗುರುತು ಹಿಡಿಯಲು ಸಂಬಳದ ಚೀಟಿ ನೋಡಿದರೆ ಸಾಕು. ನೌಕರರಾದರೆ ಸಾಮಾನ್ಯವಾಗಿ ಪಿಎಫ್‌ಗೆ 12 ಪರ್ಸೆಂಟ್ ನಿಮ್ಮದು, ಅಷ್ಟೇ ಕಂಪನಿಯದ್ದು ಇರುತ್ತದೆ. ಹೊರಗಿನ ಕನ್ಸಲ್ಟೆಂಟ್ ಆದರೆ ಪಿಎಫ್ ಇಲ್ಲ, ಗ್ರಾಚುಯಿಟಿ ಇಲ್ಲ, ಸಂಬಳದ ರಜೆ ಇಲ್ಲ. ವೃತ್ತಿಪರ ಶುಲ್ಕ ಎಂದು 10 ಪರ್ಸೆಂಟ್ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುತ್ತಾರೆ. 2025ರ ಏಪ್ರಿಲ್‌ನಿಂದ ಇದು ವರ್ಷಕ್ಕೆ 50,000 ರೂಪಾಯಿ ದಾಟಿದರೆ ಅನ್ವಯ. ವರ್ಷದ ಗಳಿಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿಯೂ ಬೇಕು. ಅನುಕೂಲವೂ ಇದೆ. ಬೇರೆ ಕಡೆಯೂ ಕೆಲಸ ಹಿಡಿಯಬಹುದು, ಖರ್ಚು ತೋರಿಸಿ ತೆರಿಗೆ ಉಳಿಸಬಹುದು. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಕೊಂಡ ಸಣ್ಣ ಸೇವಾದಾರರಿಗೆ 45 ದಿನದೊಳಗೆ ಹಣ ಕೊಡಬೇಕು ಎಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ.

ಕಷ್ಟ ಇರುವುದು ನಡುವಿನ ಜಾಗದಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಬರಬೇಕು, ಬೇರೆ ಕಡೆ ದುಡಿಯುವಂತಿಲ್ಲ, ರಜೆಗೆ ಅಪ್ಪಣೆ ಬೇಕು, ಆದರೆ ಪಿಎಫ್ ಮಾತ್ರ ಇಲ್ಲ. ಅವಳ ಪತ್ರ ಇಂಥದ್ದೇ ಆಗಿತ್ತು. ಅವರಪ್ಪ ಎಚ್‌ಆರ್‌ಗೆ ಒಂದು ಮೇಲ್ ಬರೆಸಿದರು. "ನಾನು ನೌಕರಳೋ ಅಲ್ಲವೋ ದಯವಿಟ್ಟು ತಿಳಿಸಿ" ಎಂಬ ಒಂದೇ ಸಾಲು. ಎರಡು ವಾರ ಬಿಟ್ಟು ಬಂದ ಹೊಸ ಪತ್ರದಲ್ಲಿ ಪಿಎಫ್ ಇತ್ತು.

ಮತ್ತೆ ಆಲೆಮನೆಗೆ

ಮೇಡಂ ಎರಡನೇ ಸಲ ಬಂದಾಗ ಒಲೆಯ ಪಕ್ಕದ ಕಂಬಕ್ಕೆ ಒಂದು ನೋಟ್‌ಬುಕ್ ದಾರದಲ್ಲಿ ತೂಗುತ್ತಿತ್ತು. ದಿನಾಂಕ, ಡಿಗ್ರಿ, ಬೆಲ್ಲದ ಬಣ್ಣ. ಬರೆಯುವವನು ಪಾಕ ನೋಡುವವನ ಮಗ. ತಂದೆ ಈಗಲೂ ಉಂಡೆ ತಟ್ಟುತ್ತಾನೆ. ತಟ್ಟಿ ಆದ ಮೇಲೆ ಥರ್ಮಾಮೀಟರ್ ಕಡೆ ನೋಡಿ, "ಪರವಾಗಿಲ್ಲ, ಇದೂ ಸರಿಯಾಗೇ ತೋರಿಸ್ತದೆ" ಅನ್ನುತ್ತಾನೆ.

ಮೇಡಂ ಪುಟ ತಿರುವುತ್ತಾ ನಾಲ್ಕು ದಿನದ ಲೆಕ್ಕದ ಹತ್ತಿರ ನಿಂತರು. ಡಿಗ್ರಿ ಸರಿಯಿತ್ತು, ಬೆಲ್ಲ ಮಾತ್ರ ಮೆತ್ತಗೆ ಎಂದು ಬರೆದಿತ್ತು. ಯಾಕೆ ಎಂದು ಕೇಳಿದರು. "ಆವತ್ತು ಬಂದದ್ದು ಚೌಳು ನೆಲದ ಕಬ್ಬು ಕಣಮ್ಮ. ಅದು ಗಟ್ಟಿಯಾಗಕ್ಕೆ ಸತಾಯಿಸ್ತದೆ. ಅದಕ್ಕೆ ಇನ್ನೂ ಒಸಿ ಬಿಡಬೇಕಿತ್ತು, ಈ ಹುಡ್ಗ ಮೀಟ್ರು ನೋಡಿ ಇಳಿಸ್ಬುಟ್ಟ" ಎಂದ. ಯಾವ ಯಾವ ಊರಿನ ಕಬ್ಬು ಹೀಗೆ, ಎಷ್ಟು ಹೊತ್ತು ಜಾಸ್ತಿ ಬಿಡಬೇಕು, ಸುಣ್ಣ ಎಷ್ಟು ಎಂದು ಮೇಡಂ ಒಂದೊಂದೇ ಕೇಳುತ್ತಾ ತಮ್ಮ ಪುಸ್ತಕದಲ್ಲಿ ಒಂದೂವರೆ ಪುಟ ಬರೆದುಕೊಂಡರು.

ಅವನು ಕೈ ಒರೆಸಿಕೊಂಡು, "ಇಷ್ಟೊತ್ತು ನಾನ್ ಹೇಳ್ದೆ, ನೀವ್ ಬರ್ಕೊಂಡ್ರಿ. ಇದಕ್ಕೆ ನಂಗೆಷ್ಟು ಫೀಸು?" ಎಂದ.

ಎಲ್ಲರೂ ನಕ್ಕರು. ಆ ವಾರದ ಬಟವಾಡೆಯಲ್ಲಿ ಮಾವ ಅವನ ಕೂಲಿಗೆ ದಿನಕ್ಕೆ 100 ರೂಪಾಯಿ ಸೇರಿಸಿದರು.